ಇಳಿದದ್ದು ಒಂದೇ ಬಾವುಟ

ಅಕನ್ಯಾರು ಹೊಳೆ ಇಲ್ಲಿ ಅಷ್ಟೇನೂ ಅಗಲವಿಲ್ಲ.
ಈ ದಡದಲ್ಲಿ ಕೆಮ್ಮಿದರೆ
ಆ ದಡದಲ್ಲಿ ಯಾರೋ "ಹುಷಾರಾ?" ಅನ್ನುತ್ತಾರೆ,
ನಮ್ಮದೇ ಮಾತಿನಲ್ಲಿ, ಒಂಚೂರು ರಾಗ ಎಳೆದು.

ಈ ದಡ ರುವಾಂಡ, ಆ ದಡ ಬುರುಂಡಿ.
ಬೆಲ್ಜಿಯಂನವರ ಕಡತದಲ್ಲಿ ಎರಡೂ ಸೇರಿ ಒಂದು ಹೆಸರು,
ನಡುವೆ ಒಂದು ಅಡ್ಡಗೆರೆ.
ಹೋಗುವಾಗ ಹೆಸರನ್ನು ಮುರಿದು ಕೊಟ್ಟರು.
ಅಡ್ಡಗೆರೆ ಮಾತ್ರ ಯಾರ ಪಾಲಿಗೂ ಬರದೆ
ನೀರಿನ ಮೇಲೆ ಉಳಿಯಿತು.
ಅದರ ಮೇಲೆಯೇ ಮೂವತ್ತು ವರ್ಷ ದೋಣಿ ಹಾಯಿಸಿದವನು ನಾನು.

ವೆನಾನ್ಸಿಯಾ ಹುಟ್ಟಿದ್ದು ಆ ದಿನವೇ,
ಅರವತ್ತೆರಡರ ಜುಲೈ ಒಂದು, ಆ ದಡದಲ್ಲಿ.
ಮದುವೆಯಾಗಿ ಬಂದದ್ದು ಈ ದಡಕ್ಕೆ.
ಚೀಟಿ ಬರೆಯುವ ಗುಮಾಸ್ತ ಕೇಳಿದನಂತೆ:
ಯಾವಾಗ ಹುಟ್ಟಿದ್ದು?
"ಬಾವುಟ ಇಳಿದ ದಿನ, ಅವ್ವ ಹೇಳಿದ್ದು."
ಯಾವ ದೇಶದ್ದು?
"ಇಳಿದದ್ದು ಒಂದೇ, ಸ್ವಾಮಿ. ಏರಿದ್ದು ಎರಡು."
ಗುಮಾಸ್ತ ಪೆನ್ನು ಕೊಡವಿ, ಶಾಯಿ ಇಲ್ಲವೆಂದು
ಊಟಕ್ಕೆ ಎದ್ದುಹೋದ.

ಜುಲೈ ಅಂದರೆ ನಮ್ಮಲ್ಲಿ ಧೂಳು, ಜೋಳದ ಕೊಯ್ಲು.
ವರ್ಷವರ್ಷವೂ ಆ ದಿನ ಅವಳಣ್ಣ ಸಾಲ್ವತೋರ್
ಜೋಳದ ಹೆಂಡದ ಗಡಿಗೆ ಹೊತ್ತು ದೋಣಿ ಹತ್ತುತ್ತಿದ್ದ.
ಒಂದು ಗಡಿಗೆ, ಎರಡು ಉದ್ದನೆಯ ಕೊಳವೆ.
ಹಣೆಗೆ ಹಣೆ ತಾಗುವ ಹಾಗೆ ಬಾಗಿ ಹೀರುತ್ತಿದ್ದರು ಅಣ್ಣತಂಗಿ.
ನನಗೂ ಒಂದು ಗುಟುಕು. ದೋಣಿಬಾಡಿಗೆ ಅದೇ.

ಆ ಕಡೆ ಹಬ್ಬ ಜೋರು: ಡೋಲು, ಮೆರವಣಿಗೆ.
ಈ ಕಡೆ ಅದೇ ತಾರೀಖು ಮೆಲ್ಲಗೆ ದಾಟುತ್ತದೆ;
ನಮ್ಮ ದೊಡ್ಡ ದಿನ ನಾಲ್ಕನೆಯದು.
ಅದರ ಹಿಂದಿನ ನೂರು ದಿನಗಳನ್ನು ಈ ನೀರು ಕಂಡಿದೆ.
ನಾನೂ.
ಅದನ್ನು ಇಲ್ಲಿ ಹೇಳಲಾರೆ.

ಈಗ ಗಡಿ ಮುಚ್ಚಿದೆ, ದೊಡ್ಡವರ ಜಗಳ.
ರೇಡಿಯೋದಲ್ಲಿ ಎರಡು ಕಡೆಯದೂ ಕೇಳಿದೆ,
ಎರಡೂ ನನಗೆ ತಿಳಿಯುವ ಭಾಷೆಯಲ್ಲೇ ಇದ್ದವು. ಅದೇ ಕಷ್ಟ.
ದೋಣಿ ಮಗುಚಿ ಹಾಕಿದ್ದೇನೆ,
ಅದರಡಿ ಕೋಳಿ ಮೊಟ್ಟೆಯಿಡುತ್ತದೆ.

ಇವತ್ತು ವೆನಾನ್ಸಿಯಾ ತಾನೇ ಗಡಿಗೆ ಹೊತ್ತು ಬಂದಳು,
ಮಗುಚಿದ ದೋಣಿಯ ಮೇಲೆ ಕೂತಳು.
ಆಚೆಯಿಂದ ಡೋಲು ಕೇಳುತ್ತಿತ್ತು.
ಕಾವಲಿನ ಹುಡುಗ, ಮೀಸೆ ಇನ್ನೂ ಬರಬೇಕು,
ಬಂದೂಕು ಬೆನ್ನಿಗೆ ಸರಿಸಿ ಕೇಳಿದ:
"ಅಜ್ಜಿ, ಯಾರ ಹಬ್ಬ ಅದು?"
ಎರಡನೆಯ ಕೊಳವೆಯನ್ನು ಹೊದ್ದ ಬಟ್ಟೆಯ ಅಂಚಿನಲ್ಲಿ ಒರೆಸಿ
ಅವನತ್ತ ತಿರುಗಿಸಿದಳು.
"ನಾನು ಹುಟ್ಟಿದ್ದಕ್ಕೆ."

ಹುಡುಗ ಸುತ್ತ ನೋಡಿದ.
ಆಚೆ ಜೊಂಡಿನ ಹಿಂದೆ ಯಾರೋ ಕೆಮ್ಮಿದರು,
ಒಮ್ಮೆ, ತಡೆದು ಇನ್ನೊಮ್ಮೆ.
ಸಾಲ್ವತೋರನ ಕೆಮ್ಮು ನನಗೆ ಗೊತ್ತು.
ನಾನು ಬಾಯಿ ತೆರೆಯುವ ಮೊದಲೇ
ಹುಡುಗ ಕೂಗಿದ:
"ಹುಷಾರಾ?"