ಖಾಯಂ ವಿಳಾಸ

ನೋವಾಖಾಲಿ ಜಿಲ್ಲೆಯ ಪರಿಚಯ ಪುಸ್ತಕಕ್ಕೆ
ಮೊದಲ ಸಾಲು ಬರೆಯಲು ಕೂತಿದ್ದೇನೆ:
ದಕ್ಷಿಣಕ್ಕೆ ಬಂಗಾಳ ಕೊಲ್ಲಿ.
ಎಲ್ಲಿಂದ ದಕ್ಷಿಣ ಅಂತ ಕೇಳಬೇಡಿ,
ಹೋದ ವರ್ಷ ಸರಪಳಿ ಎಳೆದು ಅಳೆದ ಗದ್ದೆಯಲ್ಲಿ
ಈಗ ಹಿಲ್ಸಾ ಬಲೆ ಬೀಳುತ್ತದೆ.

ಹಳೇ ಊರನ್ನು ಕಚೇರಿ, ಮಸೀದಿ ಸಮೇತ
ಮೇಘನಾ ನುಂಗಿದ್ದಕ್ಕೇ
ನಾವು ಮಾಯ್ಜ್‌ದಿಯಲ್ಲಿ ಕೂತಿರುವುದು.
ನನ್ನ ಕಪಾಟು ಮಾತ್ರ ಅಲ್ಲಿಂದ ಎತ್ತಿ ತಂದದ್ದಂತೆ,
ತಳದಲ್ಲಿನ್ನೂ ಮರಳು.

ಜನಸಂಖ್ಯೆ: ಮೂವತ್ತಾರು ಲಕ್ಷ ಚಿಲ್ಲರೆ.

ಆ ಚಿಲ್ಲರೆಯಲ್ಲಿ ಸಾಲೆಹಾ ಖಾತುನ್ ಇದ್ದಾಳೆ,
ಹಾತಿಯಾದಾಚೆ, ಮೊನ್ನೆ ಮೊನ್ನೆ ಎದ್ದ
ಮೆಕ್ಕಲುದಿಬ್ಬದ ಮೇಲೆ. ದಿಬ್ಬಕ್ಕಿನ್ನೂ ಹೆಸರಿಲ್ಲ.
ಖಾಯಂ ವಿಳಾಸ ಅಂದೆ. ನಕ್ಕಳು.
ಒಂಬತ್ತು ಸಲ ಮನೆ ಬಿಚ್ಚಿ ಕಟ್ಟಿದ್ದೇನೆ,
ತಗಡಿಗೆ ತೂತು ಹೆಚ್ಚಾಗಿದೆ ಅಷ್ಟೇ, ಅನ್ನುತ್ತ
ಎಮ್ಮೆಯ ಹಗ್ಗ ನನ್ನ ಕೈಗೆ ಕೊಟ್ಟು
ನೀರಿನತ್ತ ಬೆರಳು ಚಾಚಿದಳು:
ಆ ದೋಣಿ ತಿರುಗಿತಲ್ಲ, ಅಲ್ಲಿ ಅಡುಗೆಮನೆ.
ಅದರಾಚೆ, ನೊರೆಯಿದೆಯಲ್ಲ,
ದೊಡ್ಡ ಮಗನ ಗೋರಿ.

ನಮೂನೆಯಲ್ಲಿ ಜಾಗ ಸಾಲಲಿಲ್ಲ.
ಅಂಚಿನಲ್ಲಿ ಬರೆದುಕೊಂಡೆ.

ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಕೇಳಿದ್ದಾರೆ,
ವಿಸ್ತೀರ್ಣ ಎಷ್ಟು?

ಈಗ ಇಳಿತ, ಸಾರ್.
ಸ್ವಲ್ಪ ಹೆಚ್ಚು.