ತಲಪಾಡಿ ರೂಟಿನ ಎಡಗೈ

ಇಪ್ಪತ್ತೆರಡು ವರ್ಷ ಹಿಂಬಾಗಿಲ ಕಂಬಿಗೆ
ನೇತಾಡಿದ್ದು ನಾನಲ್ಲ, ಈ ಎಡಗೈ.
ಉಳಿದ ನಾನು ಟಿಕೇಟು ಹರಿಯುತ್ತಿದ್ದೆ,
ಚಿಲ್ಲರೆ ಬಾಕಿಯವರ ಮುಖ ನೆನಪಿಡುತ್ತಿದ್ದೆ,
"ಮುಂದೆ ಹೋಗಿ ಮಾರಾಯ್ರೆ, ಎದುರು ಖಾಲಿ ಉಂಟು" ಎಂದು
ಇಲ್ಲದ ಖಾಲಿಯನ್ನು ಉಂಟುಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಖಾಕಿ ಅಂಗಿ ಹಾಕುವಾಗ
ತೋಳು ಅರ್ಧಕ್ಕೇ ನಿಂತಿತು,
ಗೇರು ಸಿಕ್ಕಿಬಿದ್ದ ಹಾಗೆ.
ಖಾಲಿ ತೋಳು ನೇತಾಡುವುದು ಕಂಡು ಮಗಳು ನಕ್ಕಳು,
ಆಮೇಲೆ ಬಂದು ಗುಂಡಿ ಹಾಕಿಕೊಟ್ಟಳು.

ಕಂಕನಾಡಿ, ಔಷಧದಂಗಡಿಯ ಮೇಲಿನ ಮಹಡಿ.
ಝುಲೇಖಾ ಡಾಕ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು.
"ನೀವು ದೂಮಣ್ಣ ಅಲ್ವಾ?
ಪಾಸ್ ಇದ್ದವರು ಸೀಟು ಬಿಡಿ ಅಂತ
ತೊಕ್ಕೊಟ್ಟುವರೆಗೆ ನನ್ನನ್ನು ನಿಲ್ಲಿಸಿದವರು."
ನಾನು ಎಂತ ಹೇಳಲಿ.
"ಈಗ ನೀವು ನಿಲ್ಲಿ," ಎಂದರು, "ಗೋಡೆಗೆ ಮುಖ ಮಾಡಿ."

ಪೆನ್ಸಿಲಿನಲ್ಲಿ ಸೊಂಟದ ಮಟ್ಟಕ್ಕೊಂದು ಗೆರೆ.
"ಬೆರಳು ಏಡಿಯ ಹಾಗೆ ಹತ್ತಲಿ.
ನಿಂತಲ್ಲಿ ಹತ್ತು ಎಣಿಸಿ, ಮೆಲ್ಲ ಇಳಿಸಿ.
ಭುಜ ಕಿವಿಯ ಹತ್ತಿರ ಬಂದರೆ ಅದು ಮೋಸ,
ಟಿಕೇಟಿಲ್ಲದ ಪ್ರಯಾಣ."

ಮನೆಯ ಗೋಡೆಗೆ ನಾನೇ ಹೆಸರಿಟ್ಟೆ.
ಸೊಂಟಕ್ಕೆ ಸ್ಟೇಟ್‌ಬ್ಯಾಂಕು, ಪಕ್ಕೆಲುಬಿಗೆ ಹಂಪನಕಟ್ಟೆ,
ಎದೆಗೆ ಜ್ಯೋತಿ, ಭುಜಕ್ಕೆ ಕಂಕನಾಡಿ,
ಕಿವಿಯ ನೇರಕ್ಕೆ ಪಂಪ್‌ವೆಲ್.
ಅಲ್ಲಿಂದ ಮೇಲೆ ಸೇತುವೆ, ನೇತ್ರಾವತಿ, ಗಾಳಿ.

ಇನ್ನೊಂದು ಪಾಠ: ಬಲಗೈ ಮೇಜಿಗೆ ಊರಿ ಬಗ್ಗಬೇಕು,
ಎಡಗೈಯನ್ನು ಸುಮ್ಮನೆ ಇಳಿಬಿಡಬೇಕು.
"ನೀವು ಆಡಿಸಬೇಡಿ. ಮೈ ತೂಗಲಿ, ಕೈ ಅದರಷ್ಟಕ್ಕೆ ಆಡುತ್ತದೆ."
ಬಾವಿಯ ಖಾಲಿ ಕೊಡಪಾನದ ಹಾಗೆ ಸುತ್ತಿತು ಕೈ.
ಇಷ್ಟು ವರ್ಷದಲ್ಲಿ ಮೊದಲ ಸಲ
ಏನನ್ನೂ ಹಿಡಿಯದೆ ನೇತಾಡಿತು.
ಯಾಕೋ ಕಣ್ಣು ತುಂಬಿತು. ನೋವಿಗಲ್ಲ.

ಸ್ನಾನದ ಬೈರಾಸು ಬೆನ್ನ ಹಿಂದೆ;
ಬಲಗೈ ಮೇಲಿಂದ ಎಳೆದರೆ
ಎಡಗೈ ಕೆಳಗಿಂದ ಹತ್ತಬೇಕು, ಮುನಿಸಿಕೊಂಡ ತಮ್ಮನ ಹಾಗೆ.
ಮೊದಲು ಬಿಸಿನೀರ ಶಾಖ. ಕೊನೆಗೆ ಗಂಜಿ.
ಗಂಜಿ ಡಾಕ್ಟ್ರು ಹೇಳಿದ್ದಲ್ಲ.

ಎರಡನೇ ವಾರ ಹಠಕ್ಕೆ ಬಿದ್ದೆ.
ಒಂದೇ ದಿನಕ್ಕೆ ಪಂಪ್‌ವೆಲ್ ಮುಟ್ಟುತ್ತೇನೆಂದು ಎಳೆದೆ.
ರಾತ್ರಿ ಮಗ್ಗುಲಾಗಲು ಆಗಲಿಲ್ಲ.
ತೋಳಿನಡಿ ದಿಂಬಿಟ್ಟು ಕೂತೇ ಬೆಳಗು ಮಾಡಿದೆ.
ಕೊನೆಯ ಟ್ರಿಪ್ಪು ಹೋಗುವ ಸದ್ದು ಕೇಳಿತು, ಮೊದಲ ಟ್ರಿಪ್ಪಿನದೂ.

ಝುಲೇಖಾ ಡಾಕ್ಟ್ರು ಬಯ್ಯಲಿಲ್ಲ.
"ನೋವು ನೆಂಟನ ಹಾಗೆ ಬಂದು ಚಾ ಕುಡಿದು ಹೋಗಲಿ.
ರಾತ್ರಿ ಉಳಿದುಕೊಂಡರೆ
ಮರುದಿನ ಅರ್ಧವೇ ಮಾಡಿ. ಬಿಡಬೇಡಿ, ಅರ್ಧ ಮಾಡಿ.
ಪಂಪ್‌ವೆಲ್ಲಿನ ಮೇಲ್ಸೇತುವೆಗೆ ಎಷ್ಟು ವರ್ಷ ಹಿಡಿಯಿತು,
ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"
ತಲಪಾಡಿಗೆ ಯಾವಾಗ ಮುಟ್ಟುವುದು ಎಂದು ಕೇಳಿದೆ.
"ತೋಳು ಕಿವಿಗೆ ತಾಗಿದರೆ ಸಾಕು.
ಅದರಾಚೆ ಕೇರಳ. ನಿಮಗೆ ಪರ್ಮಿಟಿಲ್ಲ."

ಮೂರು ತಿಂಗಳು ಕಳೆದು ಮೊನ್ನೆ ನನ್ನದೇ ಬಸ್ಸು ಹತ್ತಿದೆ,
ದುಡ್ಡು ಕೊಟ್ಟು. ಕನ್ನಡಿಯಲ್ಲಿ ಫೆಲಿಕ್ಸ್ ಹುಬ್ಬು ಹಾರಿಸಿದ.
ಹಿಂಬಾಗಿಲಲ್ಲಿ ಹೊಸ ಹುಡುಗ ಯಜ್ಞೇಶ,
ಎಡಗೈಯಲ್ಲೇ, ಇಡೀ ಮೈಯ ಭಾರ ಹಾಕಿ, ಹೊರಗೆ ಅರ್ಧ.
ಹೇಳಿದೆ:
ಸ್ಟಾಪಿಗೊಮ್ಮೆ ಕೈ ಬದಲಿಸು.
ಮೊಣಕೈ ಸ್ವಲ್ಪ ಮಡಚಿರಲಿ, ಭಾರ ಕಾಲಿಗೆ ಬೀಳಲಿ.
ಫೆಲಿಕ್ಸ್ ಬ್ರೇಕಿಗೆ ಕಾಲಿಡುವ ಮೊದಲೇ ಒಳಗೆ ಬಾ,
ಆ ಒಂದು ಎಳೆತವೇ ನನ್ನದನ್ನು ತಿಂದದ್ದು.
ರಾತ್ರಿ ಬಾಗಿಲ ದಾರಂದಕ್ಕೆ ಎರಡೂ ಕೈ ಊರಿ
ಎದೆ ಮುಂದೆ ತಳ್ಳಿ, ಮೂವತ್ತು ಎಣಿಸು.
ಹುಡುಗ ಗೌರವದಿಂದ ತಲೆಯಾಡಿಸಿದ,
ಸೀಟಿ ಊದಿದ,
"ಆಯ್ತು ಅಣ್ಣ, ಮುಂದೆ ಹೋಗಿ, ಎದುರು ಖಾಲಿ ಉಂಟು."

ಹೋದೆ. ಖಾಲಿ ಇರಲಿಲ್ಲ.
ತಿರುವಿನಲ್ಲಿ ಬಸ್ಸು ವಾಲಿದಾಗ
ಎಡಗೈ ನನ್ನನ್ನು ಕೇಳದೆ ಮೇಲಕ್ಕೆ ಹೋಯಿತು.
ಕಂಬಿಗೆ ಇನ್ನೂ ನಾಲ್ಕು ಬೆರಳು ಬಾಕಿ.