ಅರ್ಧವಿರಾಮ

ಮೌಸ್ ಬೇಡ, ಗುಂಡಿಗಳಿಲ್ಲ, ಚಿತ್ರಗಳಿಲ್ಲ.
ಕಪ್ಪು ಪರದೆ, ಎಡತುದಿಯಲ್ಲಿ ಮಿಟುಕುವ ಒಂದು ಗೆರೆ.
ತಾರ್ತು ಊರಿನ ಜಲಮಾಪನ ಕಚೇರಿ, ಮೂರನೇ ಮಹಡಿ,
ಹೀಟರಿನ ಮೇಲೆ ಒಣಗಲಿಟ್ಟ ನನ್ನ ಉಣ್ಣೆಯ ಕೈಗವಸು,
ಹೊರಗೆ ನಾಲ್ಕಕ್ಕೇ ಕತ್ತಲು.

ಹೊಸ ಹುಡುಗ ರಾಸ್ಮುಸ್ ಕೇಳುತ್ತಾನೆ:
"ವಿರ್ವೆ, ಈ ಕಾಲದಲ್ಲೂ ಇದನ್ನೇ ಬಳಸುತ್ತೀರಾ?"
ಹೌದಪ್ಪ. ಇಲ್ಲಿ ಮಾತಿಗೆ ಮಾತು,
ಕೇಳಿದ್ದಕ್ಕಷ್ಟೇ ಉತ್ತರ.
ತಪ್ಪು ಕೇಳಿದರೆ ತಪ್ಪಿದ ಅಕ್ಷರದಡಿಗೇ
ಪುಟ್ಟ ಮಾಡಿನಂಥ ಗುರುತು ಇಟ್ಟು ತೋರಿಸುತ್ತದೆ.
ಅರ್ಧವಿರಾಮ ಮರೆತರೆ ಬೈಯುವುದಿಲ್ಲ,
ಮುಂದಿನ ಸಾಲಿಗೆ ಜರುಗಿ ಕಾಯುತ್ತದೆ:
ಹೇಳು, ಇನ್ನೂ ಇದೆಯಲ್ಲ, ಹೇಳು.
ಮೂವತ್ತು ವರ್ಷದ ಸಂಸಾರದಲ್ಲಿ
ಇಷ್ಟು ತಾಳ್ಮೆಯ ಕಿವಿ ಕಂಡಿಲ್ಲ ನಾನು.

ಕೆಲಸ ಇಷ್ಟೇ. ಒಂದು ಸರೋವರದ ಮಂಜುಗಡ್ಡೆ
ಯಾವ ವರ್ಷ ಯಾವ ದಿನ ಒಡೆಯಿತು ಎಂಬ ಪಟ್ಟಿ.
ನೂರಾಹನ್ನೊಂದು ಸಾಲು.
ದಡದ ಮನೆಯವರು ಬೆಳಗೆದ್ದು ನೋಡಿ ಬರೆದಿಟ್ಟದ್ದನ್ನು
ರಜೆಯಲ್ಲಿ ವಿದ್ಯಾರ್ಥಿಗಳು ಟೈಪು ಮಾಡಿಕೊಟ್ಟರು.
ಗ್ರಾಫು ಎಳೆಯುವ ಮೊದಲು ತೂತು ಹುಡುಕಬೇಕು.

ಸೆಲೆಕ್ಟ್ ವರ್ಷ, ಒಡೆದ_ದಿನ
ಫ್ರಂ ಮಂಜು
ವೇರ್ ಒಡೆದ_ದಿನ ಈಸ್ ನಲ್;

ಒಂದೇ ಸಾಲು ಬಂತು.
೧೯೪೯. ಅದರೆದುರು ಬರಿಯ ಬಯಲು.

ನಲ್ ಎಂದರೇನೆಂದು ರಾಸ್ಮುಸ್‌ಗೆ ತಿಳಿಸುವುದು ಕಷ್ಟ.
ಸೊನ್ನೆಯಲ್ಲ ಮಾರಾಯ, ಸೊನ್ನೆ ಒಂದು ಲೆಕ್ಕ.
ಖಾಲಿಯೂ ಅಲ್ಲ, ಖಾಲಿ ಎಂಬುದೂ ಒಂದು ಸುದ್ದಿ.
ಇದು 'ಇಲ್ಲ' ಅಲ್ಲ, 'ಅಲ್ಲ'ವೂ ಅಲ್ಲ,
'ಗೊತ್ತಿಲ್ಲ'.
ಎರಡು ಗೊತ್ತಿಲ್ಲಗಳು ಒಂದಕ್ಕೊಂದು ಸಮವೇ ಎಂದರೆ
ಅದೂ ಗೊತ್ತಿಲ್ಲ ಎನ್ನುತ್ತದೆ.

ಮೇಲಿನವರ ಸುತ್ತೋಲೆ: ತೂತಿದ್ದರೆ ಸರಾಸರಿಯಿಂದ ಮುಚ್ಚಿ.
ಹಿಂದಿನ ಐದು, ಮುಂದಿನ ಐದು, ಕೂಡಿಸಿ ಭಾಗಿಸಿದೆ.
ಏಪ್ರಿಲ್ ಹತ್ತೊಂಬತ್ತು. ನಂಬುವ ಹಾಗೇ ಇತ್ತು.
ಬಿಗಿನ್. ಅಪ್‌ಡೇಟ್. ಅರ್ಧವಿರಾಮ.
ಒಂದು ಸಾಲು ಬದಲಾಯಿತು ಎಂದಿತು ಯಂತ್ರ,
ತಲೆಯೆತ್ತದ ಗುಮಾಸ್ತನ ದನಿಯಲ್ಲಿ.

ಕಮಿಟ್ ಎನ್ನಬೇಕಿತ್ತು. ಯಾಕೋ ಕೈ ತಡೆದು
ದಪ್ಪದ ಕೋಷ್ಟಕವನ್ನು ಕೇಳಿದೆ: ಆ ವರ್ಷ ಅಳೆದವರು ಯಾರು?

ಮಾರ್ಚ್ ೨೨. ನಲವತ್ತೊಂಬತ್ತು ಸೆಂಟಿಮೀಟರ್. ಹೆ.ಕೆ.
ಮಾರ್ಚ್ ೨೩. ನಲವತ್ತೊಂಬತ್ತು. ಹೆ.ಕೆ.
ಮಾರ್ಚ್ ೨೪. ನಲವತ್ತೆಂಟು. ಹೆ.ಕೆ.
ಷರಾ: ಹೊಳೆಯ ಬಾಯಲ್ಲಿ ಎರಡು ಬಾತುಕೋಳಿ.

ಆ ಚಳಿಗಾಲಕ್ಕೆ ಅಷ್ಟೇ ಸಾಲು.

ಈ ನಾಡಿನಲ್ಲಿ ಆ ವರ್ಷದ ಮಾರ್ಚ್ ಇಪ್ಪತ್ತೈದನ್ನು
ಯಾರಿಗೂ ಬಿಡಿಸಿ ಹೇಳಬೇಕಿಲ್ಲ.
ಬೆಳಗಿನ ಜಾವದ ಲಾರಿ, ದನ ಸಾಗಿಸುವ ರೈಲುಡಬ್ಬಿ, ಸೈಬೀರಿಯ.
ನನ್ನಜ್ಜಿ ತಾರೀಖು ಹೇಳುತ್ತಿರಲಿಲ್ಲ,
'ಆವತ್ತು' ಎನ್ನುತ್ತಿದ್ದಳು,
ಕ್ಯಾಲೆಂಡರಿನಲ್ಲಿ ಬೇರೆ ದಿನವೇ ಇಲ್ಲದವಳಂತೆ.

ಹೆ.ಕೆ. ಗಂಡಸೋ ಹೆಂಗಸೋ, ಎಷ್ಟು ವಯಸ್ಸೋ,
ಕೋಷ್ಟಕ ಮಾಡಿದವರು ಎರಡಕ್ಷರಕ್ಕಷ್ಟೇ ಜಾಗ ಬಿಟ್ಟಿದ್ದರು.
ಆ ಎರಡಕ್ಷರ ಹಿಡಿದು ಎಲ್ಲ ಸಾಲನ್ನೂ ಕರೆದೆ,
ದಿನದ ಕ್ರಮದಲ್ಲಿ.
ಪುಟದ ಮೇಲೆ ಪುಟ, ಸ್ಪೇಸ್ ಒತ್ತಿ ಒತ್ತಿ
ಬಾತುಕೋಳಿಗಳ ಸಾಲಿಗೆ ಬಂದೆ.
ಅದರ ಕೆಳಗೇ, ತಾಗಿಕೊಂಡೇ:

ನವೆಂಬರ್ ೧೨, ೧೯೫೭. ಮೂರು ಸೆಂಟಿಮೀಟರ್. ಹೆ.ಕೆ.
ಷರಾ: ಅಳತೆಕೋಲು ಹಳೆಯದೇ. ಸಿಕ್ಕಿತು.

ಎಂಟೂವರೆ ವರ್ಷಕ್ಕೆ ಪರದೆ ಬಿಟ್ಟ ಜಾಗ
ಎರಡು ಸಾಲಿನ ನಡುವಣ ಸಂದು.

ರಾಸ್ಮುಸ್ ನನ್ನ ಹೆಗಲ ಮೇಲಿಂದ ಓದಿದ.
"ಆದರೂ ಆ ವರ್ಷ ಮಂಜು ಒಡೆದಿರಲೇಬೇಕಲ್ಲ?"
ಒಡೆದಿರಲೇಬೇಕು.
ದೊಡ್ಡ ಸದ್ದೂ ಆಗಿರುತ್ತದೆ.

ರೋಲ್‌ಬ್ಯಾಕ್;

ಏಪ್ರಿಲ್ ಹತ್ತೊಂಬತ್ತು ಹಿಂದೆ ಸರಿಯಿತು,
ಬಂದೇ ಇರಲಿಲ್ಲ ಎಂಬಂತೆ.
ಮೇಲಿನವರಿಗೆ ಎರಡು ಸಾಲಿನ ಟಿಪ್ಪಣಿ ಬರೆದೆ:
ಗೆರೆ ಅಲ್ಲಿ ಕಡಿದೇ ಇರಲಿ,
ಕಾರಣ ಬೇಕಿದ್ದರೆ ಇಳಿದು ಬಂದು ಕೇಳಿ.

ಹೊರಡುವಾಗ ಬೆರಳು ಮತ್ತೊಮ್ಮೆ ಕೇಳಿತು,
ಸೆಲೆಕ್ಟ್ ಒಡೆದ_ದಿನ ಫ್ರಂ ಮಂಜು ವೇರ್ ವರ್ಷ = ೧೯೪೯
ಎಂಟರ್ ಒತ್ತಿತು.
ಅರ್ಧವಿರಾಮ ಹಾಕದೆ ದೀಪ ಆರಿಸಿದೆ.
ಕೈಗವಸು ಇನ್ನೂ ಒದ್ದೆಯೇ ಇತ್ತು.